ಮೂವತ್ತೇಳು ಸ್ಪರ್ಧಿಗಳು

ಜೂನ್ ೧೫, ೨೦೨೫, ಭಾನುವಾರ

ಬಂಧು ನಿಧಿಯವರು ಈ ವರ್ಷದ ಡೈರಿ ಇವತ್ತು ಹಂಚಿದರು. ಅರ್ಧ ಜೂನ್ ಕಳೆದ ಮೇಲೆ. ಅಧ್ಯಕ್ಷರ ಫೋಟೊದಲ್ಲಿ ಕನ್ನಡಕ ಹೊಳೆದಿತ್ತಂತೆ, ಮತ್ತೆ ತೆಗೆಸಿದರಂತೆ. ಎರಡನೆಯದರಲ್ಲಿ ತಲೆ ಹೊಳೆದಿತ್ತಂತೆ. ಐದೂವರೆ ತಿಂಗಳ ಖಾಲಿ ಹಾಳೆ ದಾಟಿಕೊಂಡು ಬಂದು ಇಲ್ಲಿಂದ ಶುರು ಮಾಡುತ್ತಿದ್ದೇನೆ. ಪುಕ್ಕಟೆ ಬಂದದ್ದನ್ನು ಹಾಳು ಮಾಡಬಾರದು ಎನ್ನುತ್ತಿದ್ದಳು ನನ್ನ ಹೆಂಡತಿ ನಾಗರತ್ನಾ. ಅವಳು ಹೋಗಿ ಹನ್ನೊಂದು ತಿಂಗಳು. ಅವಳ ಕಾಯಿದೆಗಳು ಮಾತ್ರ ಇನ್ನೂ ಜಾರಿಯಲ್ಲಿವೆ.

ನಿಧಿಯ ಪೂರ್ತಿ ಹೆಸರು ವಡಾಲ-ಸಯನ್ ಕನ್ನಡ ಬಂಧು ನಿಧಿ. ಮೂರು ವಿಭಾಗ: ನಿವಾಸಿ, ವಿದ್ಯೆ, ಕಲೆ. ನಿವಾಸಿ ಎಂದರೆ ಕೈಲಾಗದ ಹಿರಿಯರಿಗೆ ಔಷಧಿ. ವಿದ್ಯೆ ಎಂದರೆ ಮಕ್ಕಳ ಫೀಜು. ಕಲೆ ಎಂದರೆ ಅಧ್ಯಕ್ಷ ಸದಾನಂದ ಶೆಟ್ಟರ ಭಾವನ ಯಕ್ಷಗಾನ ಮಂಡಳಿಗೆ ವರ್ಷಕ್ಕೊಂದು ಹೊಸ ಕಿರೀಟ. ರಾಜ್ಯಗಳು ಹೋದವು, ರಾಜರು ಹೋದರು, ಕಿರೀಟ ಮಾತ್ರ ವಡಾಲದಲ್ಲಿ ಹೆಚ್ಚುತ್ತಲೇ ಇದೆ.

ಸಭೆ ಮುಗಿದು ಉಪ್ಪಿಟ್ಟು ತಿನ್ನುವಾಗ ಹೊಸ ಕಾರ್ಯದರ್ಶಿ ಅಕ್ಷಯ ಹತ್ತಿರ ಬಂದ. ಚಾರ್ಟರ್ಡ್ ಅಕೌಂಟೆಂಟ್. ಕನ್ನಡ ಮಾತಾಡುವಾಗ ಅವನ ಮುಖ ಹಲ್ಲು ನೋವಿನವನ ಮುಖದಂತಾಗುತ್ತದೆ. ನಾಗರತ್ನಾ ಇಪ್ಪತ್ತೊಂದು ವರ್ಷ ಮಾಡುತ್ತಿದ್ದ ಮನೆಭೇಟಿಯ ಕೆಲಸವನ್ನು ಇನ್ನು ನಾನು ಮಾಡಬೇಕಂತೆ: ಅರ್ಜಿ ಹಾಕಿದವರ ಮನೆಗೆ ಹೋಗಿ, ಕಣ್ಣಾರೆ ಕಂಡು, ವರದಿ ಬರೆಯುವುದು. ವರದಿ ಇಂಗ್ಲಿಷಿನಲ್ಲಿ ಇರಬೇಕು. ಕನ್ನಡ ನಿಧಿಗೆ ಇಂಗ್ಲಿಷ್ ಯಾಕಪ್ಪ ಎಂದರೆ, ದಾನಿಗಳ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವಂತೆ. ಇದನ್ನು ಐರನಿ ಎನ್ನುತ್ತಾರೋ ಸಟೈರ್ ಎನ್ನುತ್ತಾರೋ, ಕರ್ನಾಟಕ ಕಾಲೇಜಿನಲ್ಲಿ ಪ್ರೊಫೆಸರು ವ್ಯತ್ಯಾಸ ಹೇಳಿದ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ.

ಆದರೂ ಸರಿಯಾದ ಮನುಷ್ಯನನ್ನೇ ಕೇಳಿದ್ದಾನೆ. ನಮ್ಮ ಮನೆಯ ಹಾಲ್‌ನ ಗೋಡೆಯ ಮೇಲೆ ಚೌಕಟ್ಟು ಹಾಕಿದ ಸಾಕ್ಷಿ ಇದೆ: ಬಂಧು ನಿಧಿ ಇಂಗ್ಲಿಷ್ ಪ್ರಬಂಧ ಸ್ಪರ್ಧೆ, ೨೦೦೩, ಪ್ರಥಮ ಬಹುಮಾನ, ಕಾಶಿನಾಥ ಹಂಪಿಹೊಳಿ. ವಿಷಯ, ‘ರೈಲ್ವೆ ಟೈಮ್‌ಟೇಬಲ್ ಮತ್ತು ಮಾನವ ಜೀವನ’. ಮೂವತ್ತೇಳು ಜನ ಬರೆದಿದ್ದರು. ಫೋರ್ಟ್‌ನಲ್ಲಿ ನಮ್ಮ ಶಿಪ್ಪಿಂಗ್ ಆಫೀಸು ಬಾಗಿಲು ಹಾಕಿ ನಾನು ಹತ್ತು ತಿಂಗಳು ಮನೆಯಲ್ಲಿ ಕೂತಿದ್ದ ವರ್ಷ ಅದು. ನಾಲ್ಕು ತಿಂಗಳ ರೇಷನ್ನು ಬಂದದ್ದು ನನ್ನ ಇಂಗ್ಲಿಷಿನಿಂದ. ಟೈಮಿಂಗ್ ಎಂದರೆ ಟೈಮಿಂಗ್.

ಜೂನ್ ೨೨, ಭಾನುವಾರ

ಮೊದಲ ಮನೆಭೇಟಿ. ಲಕ್ಷ್ಮವ್ವ, ಊರು ಯಾದಗಿರಿ ಕಡೆ, ವಾಸ ಆಂಟಾಪ್ ಹಿಲ್ ಕಡೆಯ ಒಂದು ಚಾಳು. ಗಾರೆ ಕೆಲಸಕ್ಕೆಂದು ಬಂದವಳು ಈಗ ನಾಲ್ಕು ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಗಂಡ ಶೆಟ್ಟೆಪ್ಪ ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡವನು. ಕುಡಿಯುವುದಕ್ಕೆ ಸೊಂಟ ಬೇಕಿಲ್ಲವಾದ್ದರಿಂದ ಅದನ್ನು ಬಿಟ್ಟಿಲ್ಲ. ಮಗಳು ಪ್ರಣೀತಾ ನರ್ಸಿಂಗ್ ಎರಡನೆಯ ವರ್ಷಕ್ಕೆ ಬಂದಿದ್ದಾಳೆ. ಜುಲೈ ೩೧ರೊಳಗೆ ಫೀಜು ಕಟ್ಟಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ. ಅರ್ಜಿ ಅದಕ್ಕೇ.

ಲಕ್ಷ್ಮವ್ವ ಚಹಾ ಕೊಟ್ಟಳು, ಅಕ್ಕಾರ, ಅಕ್ಕಾರ ಎಂದು ನಾಗರತ್ನಾಳ ನೆನಪು ತೆಗೆದು ಎರಡು ಮಾತಾಡಿದಳು. ನಾನು ಎಲ್ಲವನ್ನೂ ನೋಡಿದೆ. ಸೋರುವ ತಗಡು ನೋಡಿದೆ. ಬಾಗಿಲಲ್ಲಿ ಒಂದೇ ಜೊತೆ ಹೆಣ್ಣುಮಕ್ಕಳ ಚಪ್ಪಲಿ ಇತ್ತು, ಅದನ್ನೂ ನೋಡಿದೆ. ಮನೆಗೆ ಬಂದು ವರದಿ ಬರೆಯಲು ಕೂತಾಗ ಆ ಚಪ್ಪಲಿಯೇ ನನ್ನ ಕೈ ಹಿಡಿದು ನಡೆಸಿತು: ತಾಯಿ ಮಗಳಿಗೆ ಇರುವುದು ಒಂದೇ ಜೊತೆ ಪಾದರಕ್ಷೆ, ಒಬ್ಬಳು ಹೊರಗೆ ಹೋದರೆ ಇನ್ನೊಬ್ಬಳು ಬರಿಗಾಲು. ಪೇಥಾಸ್, ಕರುಣರಸ, ಎಂದರೆ ಇದು. ಎರಡು ಪುಟ ಆಯಿತು. ಇಪ್ಪತ್ತೆರಡು ವರ್ಷಗಳ ಮೇಲೆ ಪೆನ್ನಿಗೆ ತಕ್ಕ ಕೆಲಸ ಸಿಕ್ಕಿತು.

ಜೂನ್ ೨೯, ಭಾನುವಾರ

ಮಂಜೂರಾತಿ ಸಭೆ. ಅಕ್ಷಯನ ಹೊಸ ಧರ್ಮ ಟ್ರಾನ್ಸ್‌ಪರೆನ್ಸಿ. ಪ್ರತಿಯೊಂದು ವರದಿಯನ್ನೂ ಮೈಕಿನಲ್ಲಿ ಓದಿದ, ಅರ್ಜಿದಾರರ ಫೋಟೊ ಪರದೆಯ ಮೇಲೆ ಬಿಟ್ಟ, ಆಮೇಲೆ ಎಲ್ಲವನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಿದ. ನನ್ನ ವರದಿ ಕೊನೆಯದು. ಚಪ್ಪಲಿಯ ಸಾಲು ಬಂದಾಗ ಸಯನ್ನಿನ ಒಬ್ಬ ದಾನಿ ಕರವಸ್ತ್ರ ತೆಗೆದರು. ಮುಗಿದಾಗ ಚಪ್ಪಾಳೆ. ಬಡತನಕ್ಕೋ ಭಾಷೆಗೋ ಎಂದು ಕೇಳಲಿಲ್ಲ. ಬಡತನ ಎಲ್ಲರಲ್ಲೂ ಇರುತ್ತದೆ, ಭಾಷೆ ನನ್ನದು.

ಮೂರನೆಯ ಸಾಲಿನಲ್ಲಿ ತಾಯಿಯ ಜೊತೆ ಕೂತಿದ್ದ ಪ್ರಣೀತಾ ನಡುವೆ ಎದ್ದು ಹೋದಳು. ಬಾತ್‌ರೂಮಿಗಿರಬೇಕು. ಶೀರಾ ಎರಡು ಸಲ ಹಾಕಿಸಿಕೊಂಡೆ.

ಜುಲೈ ೨, ಬುಧವಾರ

ಇನ್‌ಗ್ರಾಟಿಟ್ಯೂಡ್. ಇದರ ಸ್ಪೆಲಿಂಗ್ ನನಗೆ ಯಾವತ್ತೂ ಬಂದಿಲ್ಲ, ಅರ್ಥ ಇವತ್ತು ಬಂತು.

ಬೆಳಿಗ್ಗೆ ಹತ್ತಕ್ಕೆ ಲಕ್ಷ್ಮವ್ವ ಬಂದಳು. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತಳು. ೨೭ನೇ ತಾರೀಖಿನ ವಾರ್ಷಿಕೋತ್ಸವದಲ್ಲಿ ವೇದಿಕೆ ಹತ್ತಿ ಚೆಕ್ಕು ತೆಗೆದುಕೊಳ್ಳಬೇಕಲ್ಲ, ಮಗಳು ಬರುವುದಿಲ್ಲವಂತೆ. ವೇದಿಕೆಗೂ ಬರುವುದಿಲ್ಲ, ಚೆಕ್ಕೂ ಬೇಡ, ಓದೂ ಸಾಕು. ದಾದರಿನ ಸೀರೆ ಅಂಗಡಿಯಲ್ಲಿ ಮಾತಾಡಿ ಬಂದಿದ್ದಾಳೆ, ಆಗಸ್ಟ್ ಒಂದಕ್ಕೆ ಕೆಲಸಕ್ಕೆ ಸೇರುತ್ತಾಳೆ. ನಾನು ಪಟ್ಟ ಶ್ರಮ ಹೇಳಿದೆ. ಎರಡು ಪುಟ, ಅದರಲ್ಲಿ ಒಂದು ಚಿತ್ತು ಇಲ್ಲ, ಎಂದೆ. ಲಕ್ಷ್ಮವ್ವ ಸೆರಗಿನ ತುದಿ ತಿರುವುತ್ತಾ ಕೇಳಿದಳು, ಕೇಳಿ ಒಂದೇ ಮಾತು ಹೇಳಿದಳು:

“ಅಕ್ಕಾರ ಇದ್ದಾಗ ನಾವು ಬಹುಮಾನ ತಗೊಂತಿದ್ವಿರಿ, ಸಾಹೇಬ್ರ. ಈ ಸಲ ಭಿಕ್ಷಾ ಆತು.”

ಏನು ಬಹುಮಾನ ಎಂದರೆ, ಎರಡು ವರ್ಷದ ಹಿಂದೆ ರೊಟ್ಟಿ ಬಡಿಯುವ ಸ್ಪರ್ಧೆಯಲ್ಲಿ ತನಗೆ ಮೊದಲನೆಯದು ಬಂದಿತ್ತಂತೆ. ಅದಕ್ಕೂ ಮುಂಚೆ ಪ್ರಣೀತಾಗೆ ಕೈಬರಹಕ್ಕೆ. ನಾಗರತ್ನಾಳ ಆ ಸ್ಪರ್ಧೆಗಳು ನನಗೆ ಗೊತ್ತಿಲ್ಲವೇ? ವರ್ಷವಿಡೀ ಏನೋ ಒಂದು ನಡೆಸುತ್ತಿದ್ದಳು: ಹೂ ಕಟ್ಟುವುದು, ರಂಗೋಲಿ, ಕೌದಿ ಹೊಲಿಯುವುದು. ಭಾಗವಹಿಸಿದವರಿಗೆಲ್ಲ ಬಹುಮಾನ. ಸೋಲುವವರೇ ಇಲ್ಲದ ಸ್ಪರ್ಧೆ ಎಂಥದೇ ಎಂದು ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಅದಕ್ಕೂ ನರ್ಸಿಂಗ್ ಫೀಜಿಗೂ ಏನು ಸಂಬಂಧ?

ಹೋಗಲಿ. ಸೀರೆ ಅಂಗಡಿಯಲ್ಲಿ ಏಸಿ ಇರುತ್ತದೆ.

ಜುಲೈ ೪, ಶುಕ್ರವಾರ

ಚಪ್ಪಲಿಯ ಸಾಲು ತೆಗೆದಿದ್ದರೆ ವರದಿ ಕುಂಟುತ್ತಿತ್ತೇ? ಕುಂಟುತ್ತಿತ್ತು.

ಜುಲೈ ೬, ಭಾನುವಾರ

ನಾನು ಹೋಗಿದ್ದು ಕ್ಷಮೆ ಕೇಳಲು ಅಲ್ಲ, ತಿಳಿವಳಿಕೆ ಹೇಳಲು. ಇದನ್ನು ಇಲ್ಲಿ ದಾಖಲಿಸಿಡುತ್ತೇನೆ, ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಇನ್ನೊಂದು ಶಬ್ದ.

ಲಕ್ಷ್ಮವ್ವ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಾ ಹಾಡಿಕೊಳ್ಳುತ್ತಿದ್ದಳು. ಬೀಸುವ ಪದ. ನಮ್ಮ ಅವ್ವ ಜೋಳ ಬೀಸುವಾಗ ಹಾಡುತ್ತಿದ್ದ ಧಾಟಿ ಅದು. ಪ್ರತಿ ಸಾಲಿನ ಕೊನೆಗೆ ಕಲ್ಲು ಒಂದು ಸುತ್ತು ಮುಗಿಸಿದಂತೆ ದನಿ ತಿರುಗಿ ಇಳಿಯುತ್ತದೆ. ಇಲ್ಲಿ ಕಲ್ಲಿಲ್ಲ, ಕುಕ್ಕರಿನ ತಳ ಇತ್ತು. ಮಳೆ ಬರುತ್ತಿದ್ದರೂ ಕೊಡೆ ಬಿಚ್ಚದೆ ಸ್ವಲ್ಪ ಹೊತ್ತು ನಿಂತೆ. ಬಟನ್ನು ಸಿಕ್ಕಿಹಾಕಿಕೊಂಡಿತ್ತು.

ಪ್ರಣೀತಾ ಒಳಗಿದ್ದಳು. ಪುಸ್ತಕಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದಳು, ಜೂನಿಯರಿಗೆ ಮಾರುವುದಕ್ಕಂತೆ. ನಾನು ವಿದ್ಯೆಯ ಮಹತ್ವ ಎಂದು ಶುರು ಮಾಡಿದೆ. ಅವಳು ಮಂಚದ ಕೆಳಗಿಂದ ಒಂದು ರಟ್ಟಿನ ಡಬ್ಬ ಎಳೆದು ಮುಂದೆ ಇಟ್ಟಳು. ಒಳಗೆ ಬಿಳಿ ಶೂ, ಪೇಪರಿನಲ್ಲಿ ಸುತ್ತಿದ್ದು.

“ನನ್ನ ಡ್ಯೂಟಿ ಶೂ, ಅಂಕಲ್. ಹೊರಗ ಇಟ್ರ ಚೋರಿ ಆಗ್ತಾವ, ಅದಕ್ಕ ಒಳಗ ಇಡ್ತೀನಿ. ನೀವು ಕೇಳಲೇ ಇಲ್ಲ.”

ಕೇಳಬಹುದಿತ್ತು ಎಂದೆ.

“ನಿಮ್ಮ ರಿಪೋರ್ಟ್ ಆ ಗ್ರೂಪ್‌ನಾಗಿಂದ ನಮ್ಮ ಕ್ಲಾಸಿನ ತನಕ ಬಂತು. ಸ್ನೇಹಲ್ ಅಂತ ಒಬ್ಬಾಕಿ ಇದ್ದಾಳ, ಛಲೋ ಹುಡುಗಿ. ನನಗ ತನ್ನ ಹಳೇ ಚಪ್ಪಲ್ ತಂದು ಕೊಟ್ಟಳು. ಧೋ ಕೇ. ತೊಳದು ತಂದಿದ್ದಳು, ಅಂಕಲ್.”

ಹೊಸ ವರದಿ ಬರೆಯುತ್ತೇನೆ ಎಂದೆ. ಬೇಡ, ಒಂದೇ ಬಾಳ ಆತು, ಎಂದಳು. ತಾನಾಗಿ ಗೆದ್ದಿದ್ದರೆ ಮಾತು ಬೇರೆ, ಯಾರೋ ಅತ್ತು ಕೊಟ್ಟದ್ದು ತನಗೆ ಬೇಡ.

ಮನೆಗೆ ಬಂದು ಚಪ್ಪಲಿ ಬಿಡುವಾಗ ನೋಡಿದೆ. ನನ್ನದರ ಪಕ್ಕ ನಾಗರತ್ನಾಳದು ಹಾಗೇ ಇದೆ. ಯಾರಾದರೂ ನನ್ನಂಥ ಬುದ್ಧಿವಂತ ಈ ಬಾಗಿಲಿಗೆ ಬಂದು ವರದಿ ಬರೆದರೆ, ಈ ಮನೆಯಲ್ಲಿ ಇಬ್ಬರಿದ್ದಾರೆ ಎಂದು ಬರೆಯುತ್ತಾನೆ.

ಜುಲೈ ೮, ಮಂಗಳವಾರ

ನಾಗರತ್ನಾ ವರದಿ ಹೇಗೆ ಬರೆಯುತ್ತಿದ್ದಳು ಎಂದು ನೋಡಲು ಅವಳ ಕಪಾಟು ತೆಗೆದೆ. ವರದಿ ಒಂದೂ ಇಲ್ಲ. ಸೀರೆಗಳ ಕೆಳಗೆ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಒಂದೊಂದು ಪುಟಕ್ಕೆ ಒಬ್ಬರು.

‘ಹಣಮಂತ, ವಾಚ್‌ಮನ್, ಕಣ್ಣಿನ ಆಪರೇಶನ್. ಗಾಳಿಪಟ ಚೆನ್ನಾಗಿ ಮಾಡುತ್ತಾರೆ. ಗಾಳಿಪಟ ಸ್ಪರ್ಧೆ ಇಡುವುದು.’

‘ಶೈಲಾ, ಹತ್ತನೇ ಕ್ಲಾಸು. ಯಾರ ಎದುರೂ ಕೈ ಚಾಚುವ ಹುಡುಗಿಯಲ್ಲ. ರಂಗೋಲಿ.’

‘ಲಕ್ಷ್ಮವ್ವ. ಮಗಳ ಫೀಜು. ರೊಟ್ಟಿ.’

ಪುಟದ ಕೆಳಗೆ ಸ್ಪರ್ಧಿಗಳು ಎಷ್ಟು ಎಂದು ಬರೆದಿದೆ. ಕೆಲವು ಪುಟಗಳಲ್ಲಿ ನಾಲ್ಕು, ಕೆಲವುಗಳಲ್ಲಿ ಮೂರು. ಅಷ್ಟೇ ಬಹುಮಾನ. ಯಾರಿಗೆ ಏನು ಬೇಕೋ ಮೊದಲು ತಿಳಿದುಕೊಂಡು, ಅವರಿಗೆ ಏನು ಬರುತ್ತದೋ ಅದರಲ್ಲಿ ಸ್ಪರ್ಧೆ ಇಡುತ್ತಿದ್ದಳು. ನಾನು ಇಪ್ಪತ್ತೊಂದು ವರ್ಷ ಇದನ್ನು ನೋಡಿ ನಕ್ಕವನು. ಬಿ.ಎ. ಸೆಕೆಂಡ್ ಕ್ಲಾಸ್.

ಮೊದಲ ಪುಟವನ್ನು ಕೊನೆಗೆ ನೋಡಿದೆ. ೨೦೦೩.

‘ಇವರು. ಆಫೀಸು ಮುಚ್ಚಿ ಆರು ತಿಂಗಳು. ಊಟಕ್ಕೆ ಕೂತರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿಲ್ಲ. ಇಂಗ್ಲಿಷ್ ಪ್ರಬಂಧ. ಸ್ಪರ್ಧಿಗಳು: ಒಬ್ಬರು. ಕೇಳಿದರೆ ಮೂವತ್ತೇಳು ಎನ್ನುವುದು.’

ಜುಲೈ ೯, ಬುಧವಾರ

ಗೋಡೆಯ ಮೇಲಿನ ಚೌಕಟ್ಟು ಸ್ವಲ್ಪ ವಾಲಿದೆ. ಯಾವತ್ತಿನಿಂದ ವಾಲಿತ್ತೋ.

ಜುಲೈ ೧೨, ಶನಿವಾರ

ಫೋರ್ಟ್‌ಗೆ ಹೋದೆ, ಸದಾನಂದ ಶೆಟ್ಟರ ಹೋಟೆಲಿಗೆ. ಕೋರ್ಟಿನವರು, ಬ್ಯಾಂಕಿನವರು ನಿಂತುಕೊಂಡೇ ಇಡ್ಲಿ ನುಂಗುವ ಜಾಗ. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು, ಅವರ ತಲೆಯ ಮೇಲೆ ಅವರದೇ ಫೋಟೊ, ಕನ್ನಡಕ ಹೊಳೆಯುತ್ತಿರುವುದು. ವ್ಯರ್ಥ ಮಾಡುವ ಜನವಲ್ಲ.

ಪಕ್ಕದ ಕುರ್ಚಿಯಲ್ಲಿ ಕೂತು ನಾನು ಪ್ರಸ್ತಾಪ ಇಟ್ಟೆ. ಕಲಾ ವಿಭಾಗದಿಂದ ಈ ವರ್ಷ ಒಂದು ಬೀಸುವ ಪದದ ಸ್ಪರ್ಧೆ. ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ತೀರ್ಪುಗಾರ ನಾನು. ಗೆದ್ದವರು ವಾರ್ಷಿಕೋತ್ಸವದಲ್ಲಿ ಹಾಡಿ, ಶಾಲು ಹೊದ್ದು, ಬಹುಮಾನ ತೆಗೆದುಕೊಂಡು ಹೋಗುತ್ತಾರೆ. ಕಲಾವಿದರಿಗೆ ಮನೆಭೇಟಿ ಇಲ್ಲ, ವರದಿ ಇಲ್ಲ, ಯಾರ ಚಪ್ಪಲಿಯನ್ನೂ ಯಾರೂ ಎಣಿಸುವುದಿಲ್ಲ.

“ಕಿರೀಟದ ಆರ್ಡರ್ ಕೊಟ್ಟಾಗಿದೆ ಮಾರಾಯ್ರೆ. ಭಾವ ನನ್ನನ್ನು ಮನೆಗೆ ಸೇರಿಸುವುದಿಲ್ಲ ಮತ್ತೆ.”

ಹೋದ ವರ್ಷದ್ದನ್ನೇ ಹಾಕಿಕೊಳ್ಳಲಿ, ರಾಜ ಬದಲಾಗಿಲ್ಲವಲ್ಲ, ಎಂದೆ. ಶೆಟ್ಟರು ಚಿಲ್ಲರೆ ಕೊಡುತ್ತಾ ಕೊಡುತ್ತಾ ನನ್ನ ಕಡೆ ನೋಡದೆ ಕೇಳಿದರು:

“ಸ್ಪರ್ಧಿಗಳು ಎಷ್ಟು ಉಂಟು?”

“ಒಬ್ಬರು.”

ಎಣಿಸುತ್ತಿದ್ದ ಕೈ ನಿಂತಿತು. ಮಾಣಿಗೆ ಎರಡು ಕಾಫಿ ಹೇಳಿದರು. ಕಾಫಿ ಬಂದು, ನಾನು ಅರ್ಧ ಕುಡಿದ ಮೇಲೆ ಮೆಲ್ಲಗೆ ಅಂದರು, “ನಿಮ್ಮ ಮನೆಯವರೂ ಹೀಗೇ ಬಂದು ಇದೇ ಕುರ್ಚಿಯಲ್ಲಿ ಕೂತು ಇದನ್ನೇ ಹೇಳಿದ್ದರು. ಸರ್ಟಿಫಿಕೇಟಿಗೆ ಸಹಿ ಹಾಕಿದ್ದು ನಾನೇ ಅಲ್ವಾ.” ಆಮೇಲೆ, “ಪ್ರಬಂಧ ನಾನು ಓದಿದ್ದೇನೆ. ರೈಲಿನ ವಿಷಯ ಸ್ವಲ್ಪ ಉದ್ದ ಆಯಿತು. ಬಾಕಿ ಅಡ್ಡಿಯಿಲ್ಲ.”

ಕಾಫಿಯ ದುಡ್ಡು ತೆಗೆದುಕೊಳ್ಳಲಿಲ್ಲ. ಶೆಟ್ಟರ ಇತಿಹಾಸದಲ್ಲಿ ಮೊದಲನೆಯದಿರಬೇಕು.

ಜುಲೈ ೧೫, ಮಂಗಳವಾರ

ಅಕ್ಷಯನಿಗೆ ನೋಟೀಸಿನ ಭಾಷೆ ಹಿಡಿಸಿತು: ಪ್ರಿಸರ್ವೇಶನ್ ಆಫ್ ವ್ಯಾನಿಶಿಂಗ್ ಓರಲ್ ಹೆರಿಟೇಜ್. ಬೀಸುವುದು ಎಂದರೆ ಏನು ಎಂದು ಕೇಳಿದ. ಮಿಕ್ಸರ್ ಎಂದೆ.

ನೋಟೀಸು ಒಂದೇ ಪ್ರತಿ. ಲಕ್ಷ್ಮವ್ವನ ಚಾಳಿನ ನಲ್ಲಿಯ ಪಕ್ಕದ ಗೋಡೆಗೆ ನಾನೇ ಹಚ್ಚಿದೆ. ಮುಂಬಯಿಗೆಲ್ಲ ಪ್ರಚಾರ ಕೊಡಲಾಗಿದೆ ಎಂದು ಅದರಲ್ಲೇ ಬರೆದಿದ್ದೇನೆ. ನೋಡಿ ಲಕ್ಷ್ಮವ್ವ, ಇಂಥಾವಕ್ಕೂ ಬಹುಮಾನ ಕೊಡ್ತಾರೇನ್ರಿ, ಎಂದಳು. ಕೊಡ್ತಾರವಾ, ಆದ್ರ ಗೆಲ್ಲೂದು ಸರಳಿಲ್ಲ, ಎಂದೆ.

ಜುಲೈ ೧೯, ಶನಿವಾರ

ಒಂದೇ ನೋಟೀಸು ಹಚ್ಚಿದರೆ ಒಬ್ಬರೇ ಓದುತ್ತಾರೆ ಎಂದುಕೊಂಡದ್ದು ನನ್ನ ತಪ್ಪು. ನಲ್ಲಿಗೆ ಚಾಳಿನವರೆಲ್ಲ ಬರುತ್ತಾರೆ.

ಎರಡು ರೆಕಾರ್ಡಿಂಗ್ ಬಂದಿವೆ. ಎರಡನೆಯದು ರುಕ್ಮಿಣಿಬಾಯಿಯದು, ವಯಸ್ಸು ಎಪ್ಪತ್ತರ ಮೇಲೆ. ಹನ್ನೊಂದು ನಿಮಿಷ. ಅದರಲ್ಲಿ ಹಾಡು ಮೂರು ನಿಮಿಷ, ಉಳಿದದ್ದು ಸೊಸೆಗೆ ಬೈಗುಳ. ರೆಕಾರ್ಡ್ ಬಟನ್ನು ಒತ್ತಿ ಬಿಡುವುದು ಆಕೆಗೆ ತಿಳಿದಂತಿಲ್ಲ. ಬೈಗುಳದಲ್ಲೂ ಪ್ರಾಸ ಇದೆ. ಮುದುಕಿ ಗೆದ್ದರೆ ಏನು ಗತಿ? ಎರಡನ್ನೂ ಮೂರು ಸಲ ಕೇಳಿದೆ, ನ್ಯಾಯಾಧೀಶನ ಹಾಗೆ ಕಣ್ಣು ಮುಚ್ಚಿಕೊಂಡು. ಲಕ್ಷ್ಮವ್ವನ ಹಾಡಿನಲ್ಲಿ, ಮನೆ ಬಿಟ್ಟು ಹೊರಟ ಮಗಳು ಕಲ್ಲಿನ ಹಿಡಿಗೂಟ ಮುಟ್ಟಿ ನೋಡಿ ಹೋಗುತ್ತಾಳೆ ಎಂದು ಒಂದು ಸಾಲು ಬರುತ್ತದೆ. ಅಲ್ಲಿ ಅವಳ ದನಿ ಒಡೆಯುವುದಿಲ್ಲ. ಒಡೆದಿದ್ದರೆ ನಾನು ಅಂಕ ಕಳೆಯುತ್ತಿದ್ದೆ. ನಿಜವಾಗಿ ಗೆದ್ದಳು.

ರುಕ್ಮಿಣಿಬಾಯಿಗೆ ಎರಡನೆಯ ಬಹುಮಾನ, ಒಂದು ಕೊಡೆ. ನನ್ನ ಖರ್ಚು.

ಜುಲೈ ೨೭, ಭಾನುವಾರ

ವಾರ್ಷಿಕೋತ್ಸವ. ಭಾಷಣ ಆರು. ಅದರಲ್ಲಿ ಕನ್ನಡ ಉಳಿಸುವುದು ಹೇಗೆ ಎಂಬುದರ ಮೇಲೆ ಐದು, ಪಾರ್ಕಿಂಗ್ ಮೇಲೆ ಒಂದು. ಆರನೆಯದೇ ಉಪಯುಕ್ತ.

ಲಕ್ಷ್ಮವ್ವ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮೈಕಿಗೆ ಹೆದರಿ ಎರಡು ಹೆಜ್ಜೆ ಹಿಂದೆ ನಿಂತಳು. ಆ ದನಿಗೆ ಮೈಕು ಬೇಕೂ ಇರಲಿಲ್ಲ. ಮೊದಲ ನುಡಿಗೆ ಜನ ಮಾತಾಡುತ್ತಿದ್ದರು. ಮೂರನೆಯದಕ್ಕೆ ಅಡಿಗೆಯವರು ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದರು. ಶೆಟ್ಟರು ಶಾಲು ಹೊದಿಸಿದರು, ಲಕೋಟೆ ಕೊಟ್ಟರು. ಅಕ್ಷಯ ಮೈಕಿನಲ್ಲಿ ಓದಿದ್ದು ನಾನು ಬರೆದುಕೊಟ್ಟದ್ದನ್ನೇ: ಲಕ್ಷ್ಮವ್ವ, ಗಾಯಕಿ, ಯಾದಗಿರಿ ಮತ್ತು ಮುಂಬಯಿ. ಐದೇ ಶಬ್ದ. ನನ್ನ ಜೀವನದ ಅತಿ ಚಿಕ್ಕ ಬರಹ.

ಪ್ರಣೀತಾ ಬಂದಿದ್ದಳು. ಕೂರಲಿಲ್ಲ, ಹಿಂದಿನ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು, ಕಾಲಲ್ಲಿ ಬಿಳಿ ಶೂ. ಬೇಕೆಂದೇ ಹಾಕಿಕೊಂಡು ಬಂದಿರಬೇಕು. ಕಾರ್ಯಕ್ರಮ ಮುಗಿದು ಜನ ಊಟಕ್ಕೆ ನುಗ್ಗುವಾಗ ನನ್ನ ಎದುರು ಬಂದು ನಿಂತಳು. ತಾಯಿ ಶಾಲಿನ ಸಮೇತ ಅವಳ ಹಿಂದೆ.

“ಅಂಕಲ್, ಸಚ್ ಸಚ್ ಹೇಳ್ರಿ. ಎಷ್ಟು ಜನ ಹಾಡಿ ಕಳಿಸಿದ್ರು?”

ಕಣ್ಣು ನನ್ನ ಮುಖದಿಂದ ಅಲುಗಲಿಲ್ಲ. ನಾಡಿ ಹಿಡಿದು ನೋಡುವವರ ದೃಷ್ಟಿ, ಕಾಲೇಜಿನಲ್ಲಿ ಚೆನ್ನಾಗಿ ಕಲಿಸಿದ್ದಾರೆ. ಎರಡು ಎಂದರೆ ಲಕೋಟೆ ಅಲ್ಲೇ ನನ್ನ ಕೈಗೆ ವಾಪಸು ಬರುತ್ತಿತ್ತು, ಶುಕ್ರವಾರದಿಂದ ಹುಡುಗಿ ಸೀರೆ ಮಡಚುತ್ತಿದ್ದಳು. ನಾಗರತ್ನಾ ಆವತ್ತು ನನಗೆ ಹೇಳುವಾಗ ಮುಖ ಹೇಗೆ ಇಟ್ಟುಕೊಂಡಿದ್ದಳು ಎಂದು ನೆನಪು ಮಾಡಿಕೊಂಡೆ. ಅವಳು ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತಿರಲಿಲ್ಲ. ನನ್ನ ಕೈಯಲ್ಲಿ ಮಡಚಲು ಏನೂ ಇರಲಿಲ್ಲ. ಕನ್ನಡಕ ತೆಗೆದು ಒರೆಸಿದೆ.

“ಮೂವತ್ತೇಳು,” ಎಂದೆ.

“ಅಷ್ಟು ಮಂದ್ಯಾಗ ನಮ್ಮವ್ವ ಫಸ್ಟಾ?”

ನಾನು ಬಾಯಿ ತೆಗೆಯುವ ಮೊದಲೇ ಲಕ್ಷ್ಮವ್ವ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಹೇಳಿದಳು, “ಮತ್ತ?”

ಜುಲೈ ೩೧, ಗುರುವಾರ

ಪ್ರಣೀತಾ ವಾಟ್ಸಾಪಿನಲ್ಲಿ ಫೀಜಿನ ರಸೀದಿಯ ಫೋಟೊ ಕಳಿಸಿದಳು. ಕೆಳಗೆ ಒಂದು ಸಾಲು: ಅವ್ವ ಈಗ ಪಾತ್ರೆ ತಿಕ್ಕುವಾಗ ಹಾಡಿದರೆ ಫ್ಲ್ಯಾಟಿನವರು ಟಿವಿ ಸಣ್ಣ ಮಾಡುತ್ತಾರಂತೆ.

ಅಕ್ಷಯನ ಫೋನು ಬಂದಿತ್ತು. ಹೊಸ ಅರ್ಜಿ ಇದೆ, ಸಯನ್ನಿನ ಚೆನ್ನಯ ಎಂಬವರು, ನಿವೃತ್ತ ಅಡಿಗೆಯವರು, ಔಷಧಿಗೆ. ಭಾನುವಾರ ಹೋಗಿ ಬರುತ್ತೇನೆ ಎಂದೆ. ರಿಪೋರ್ಟ್ ಟೂ ಪೇಜಸ್ ಸಾಕು ಅಂಕಲ್ ಎಂದ. ಆ ಮನುಷ್ಯನಿಗೆ ಏನು ಮಾಡಲು ಬರುತ್ತದೆ ಎಂದು ಮೊದಲು ತಿಳಿದುಕೊಂಡು ಹೇಳು ಎಂದೆ. ಫಾರ್ಮ್‌ನಲ್ಲಿ ಆ ಕಾಲಂ ಇಲ್ಲವಂತೆ.

ಗೋಡೆಯ ಚೌಕಟ್ಟನ್ನು ನೆಟ್ಟಗೆ ಮಾಡಿದೆ. ತೆಗೆಯಬೇಕೆಂದು ಸ್ಟೂಲು ಹತ್ತಿದ್ದೆ, ಹತ್ತಿದ ಮೇಲೆ ಧೂಳು ಒರೆಸಿ ಇಳಿದೆ. ಮಧ್ಯಾಹ್ನ ಅನ್ನ ಎರಡನೇ ಸಲ ಹಾಕಿಕೊಂಡೆ. ಸಾರು ತೆಳ್ಳಗಾಗಿತ್ತು, ಅಷ್ಟೇ ಕಾರಣ.

ಆಮೇಲೆ ನಾಗರತ್ನಾಳ ನೋಟ್‌ಬುಕ್ಕಿನಲ್ಲಿ ಅವಳ ಕೊನೆಯ ಪುಟದ ಮುಂದಿನದರಲ್ಲಿ ಬರೆದೆ: ‘ಲಕ್ಷ್ಮವ್ವ. ಬೀಸುವ ಪದ. ಸ್ಪರ್ಧಿಗಳು: ಇಬ್ಬರು. ಕೇಳಿದರೆ ಮೂವತ್ತೇಳು ಎನ್ನುವುದು.’

ಇಬ್ಬರು. ನನ್ನ ಸ್ಪರ್ಧೆಗಿಂತ ಒಬ್ಬರು ಹೆಚ್ಚು. ಆಕೆಯ ಗೆಲುವು ನನ್ನದಕ್ಕಿಂತ ದೊಡ್ಡದು, ಒಪ್ಪಿಕೊಳ್ಳಲೇಬೇಕು.